ಮುಖ ಮುಚ್ಚದ ಮಾತು

ಆ ದಿನ ಬೆಳಗ್ಗೆ ಎದ್ದಾಗಿನಿಂದ ಗಾಳಿ. ಮಳೆಯ ಸುಳಿವಿಲ್ಲ, ಮೋಡವಿಲ್ಲ, ಬರೀ ಒಣಗಾಳಿ. ಯಾರ ಮೇಲೋ ಮುನಿಸಿಕೊಂಡು ಮನೆ ಬಿಟ್ಟು ಹೊರಟವರ ಹಾಗೆ ಬೀದಿಯುದ್ದಕ್ಕೂ ಬೀಸುತ್ತ, ಕಾಗದ, ಒಣಗಿದೆಲೆ, ಧೂಳು ಎಲ್ಲವನ್ನೂ ಬಾಚಿಕೊಂಡು ಬಂದು ಕಾಲೇಜಿನ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಮೇಲಂತಸ್ತಿನ ಸಮಾಜಕಾರ್ಯ ತರಗತಿಯಲ್ಲಿ ಕಿಟಕಿಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನ ನಡುವೆಯೇ ಮೇಡಂ ಎಂದಿನಂತೆ ಪಾಠಕ್ಕೆ ಮೊದಲು ಕಣ್ಣು ಮುಚ್ಚಿ ನಿಂತರು. ಅವರ ಪ್ರಾರ್ಥನೆ ಚಿಕ್ಕದು, ಯಾವ ದೇವರಿಗೂ ಸಲ್ಲುವಂಥದು: ಇವತ್ತು ನನ್ನೆದುರು ಬಂದವರಲ್ಲಿ ನೀನೇ ಬಂದಿದ್ದೀಯ ಎಂಬುದು ಮರೆಯದಿರಲಿ.

ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಕಿಟಕಿ ಮೇಡಂ. ಮೇಜಿನ ಹಿಂದೆ ನಿಂತು ಪಾಠ ಮಾಡಿದವರೇ ಅಲ್ಲ. ಯಾವಾಗಲೂ ಕಿಟಕಿಯ ಪಕ್ಕ, ಅರ್ಧ ಗಮನ ಪುಸ್ತಕದಲ್ಲಿ, ಇನ್ನರ್ಧ ಬೀದಿಯಲ್ಲಿ. ಕ್ಷೇತ್ರಕಾರ್ಯವೆಂದು ಮನೆಮನೆಗೆ ಹೋಗಿ ಬಂದ ವಿದ್ಯಾರ್ಥಿಗಳು ಬರೆದುಕೊಟ್ಟ ವರದಿಗಳನ್ನು ಅವರು ವರ್ಷಾನುಗಟ್ಟಲೆ ಓದಿ, ಅಂಕ ಹಾಕಿ, ಬೀರುವಿಗೆ ಸೇರಿಸಿದ್ದರು. ಒಂದು ದಿನ ಆ ಬೀರುವಿನ ಬಾಗಿಲು ಹಾಕುವಾಗ ಅವರ ಕೈ ತಡೆಯಿತು. ಇಷ್ಟೊಂದು ಜನರ ಸಂಕಟ ಇದರೊಳಗಿದೆ, ಸಂಕಟಪಟ್ಟವರಲ್ಲಿ ಒಬ್ಬರಾದರೂ ಇದನ್ನು ಓದಿದ್ದಾರೆಯೆ? ಆ ಪ್ರಶ್ನೆಯಿಂದ ಹುಟ್ಟಿದ್ದು ತರಗತಿಯ ಪೇಜು. ಫೋನಿನ ಗಾಜನ್ನು ಬಿಸಿ ಪಾತ್ರೆ ಮುಟ್ಟಿ ನೋಡುವಂತೆ ಒಂದೇ ಬೆರಳಲ್ಲಿ ಮುಟ್ಟುತ್ತಿದ್ದ ಮೇಡಂ, ಪಾಠವನ್ನೇ ಅದರೊಳಗೆ ಕೊಂಡೊಯ್ದರು. ವಿದ್ಯಾರ್ಥಿಗಳು ಜನರ ಬಳಿ ಹೋಗಿ, ಅವರ ಮಾತನ್ನು ಚಿಕ್ಕ ವೀಡಿಯೊ ಮಾಡಿ ಪೇಜಿಗೆ ಹಾಕಬೇಕು. ಅದಕ್ಕೆ ಬಂದ ಕಾಮೆಂಟುಗಳನ್ನು ಎಲ್ಲರೂ ಕೂತು ಓದಬೇಕು. ಕಟ್ಟಳೆ ಒಂದೇ: ಮೊದಲು ಕೇಳಿ, ಆಮೇಲೆ ಅವರಿಗೇ ತೋರಿಸಿ, ಅವರು ಒಪ್ಪಿದ ಮೇಲೆ ಹಾಕಿ.

ಹಿಂದಿನ ಸಂಜೆ ಪೇಜಿಗೆ ಹಾಕಿದ್ದು ಟೈಲರಕ್ಕನ ವೀಡಿಯೊ.

ಟೈಲರಕ್ಕ ಹುಟ್ಟುಕಿವುಡಿ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವಳ ಹೊಲಿಗೆ ಅಂಗಡಿ. ಸನ್ನೆ ಭಾಷೆಯಲ್ಲಿ ಅವಳು ಮಾತಿಗೆ ಕೂತರೆ ಕೇಳುವವರಿಗೆ, ಅಂದರೆ ನೋಡುವವರಿಗೆ, ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಅವಳ ಮೊದಲ ಹೆರಿಗೆಯಲ್ಲಿ, ಮಗು ಹುಟ್ಟಿದ ಕೂಡಲೇ ಯಾರೋ ಅದನ್ನು ಎತ್ತಿಕೊಂಡು ಹೋದರು. ಯಾಕೆ, ಎಲ್ಲಿಗೆ ಎಂದು ಅವಳಿಗೆ ತಿಳಿಯಲಿಲ್ಲ. ಹೆರಿಗೆ ಕೋಣೆಯೊಳಗೆ ಮನೆಯವರನ್ನು ಬಿಡುವುದಿಲ್ಲ. ಒಳಗಿದ್ದವರಿಗೆ ಸನ್ನೆ ಬಾರದು. ಸಂಜೆ ಮಗುವನ್ನು ತಂದು ಮಡಿಲಿಗೆ ಹಾಕುವವರೆಗೂ ಅದು ಸತ್ತಿದೆ ಎಂದೇ ಅವಳು ತಿಳಿದಿದ್ದಳು. ಮಗುವಿಗೆ ಸ್ವಲ್ಪ ಶಾಖ ಬೇಕಾಗಿತ್ತು, ಅಷ್ಟೇ. ಈಗ ಅವಳಿಗೆ ಮತ್ತೆ ದಿನ ತುಂಬುತ್ತಿತ್ತು. ಅದೇ ಆಸ್ಪತ್ರೆ, ಅದೇ ಕೋಣೆ. ಅವಳು ಕೇಳುತ್ತಿದ್ದದ್ದು ಒಂದೇ: ಈ ಸಲ ನನ್ನ ಭಾಷೆ ಬಲ್ಲವರೊಬ್ಬರು ನನ್ನ ತಲೆಯ ಹತ್ತಿರ ನಿಂತಿರಲಿ.

ತರಗತಿಯ ಬಾಗಿಲು ದಡಾರನೆ ತೆರೆಯಿತು. ಗಾಳಿಯಲ್ಲ, ಗಡಿಬಿಡಿ. ಪೇಜನ್ನು ನೋಡಿಕೊಳ್ಳುವ ಹುಡುಗಿ. ಅವಳು ನಡೆದದ್ದನ್ನು ಯಾರೂ ಕಂಡಿಲ್ಲ, ಓಡಿದ್ದನ್ನೇ ಎಲ್ಲರೂ ಕಂಡದ್ದು, ಅದಕ್ಕೇ ಆ ಹೆಸರು.

"ಮೇಡಂ, ಏನೋ ಎಡವಟ್ಟಾಗಿದೆ," ಎಂದು ಏದುಸಿರಿನಲ್ಲೇ ಫೋನು ಚಾಚಿದಳು. "ಬೇರೆಯವರೆಲ್ಲ ಕಣ್ಣೀರು ಹಾಕಿದ್ದಾರೆ. ಕಿವುಡರು ಮಾತ್ರ ನಗ್ತಿದ್ದಾರೆ."

"ನಗ್ತಿದ್ದಾರಾ? ಅವಳ ಕಷ್ಟ ನೋಡಿ?"

"ಒಬ್ಬ ಹುಡುಗನಂತೂ ತಲೆ ಮೇಲೆ ಬೆಡ್‌ಶೀಟ್ ಹಾಕ್ಕೊಂಡು, ಕೈ ಆಡಿಸಿ ವೀಡಿಯೊ ಹಾಕಿದ್ದಾನೆ. ಅದಕ್ಕೆ ನಮ್ಮದಕ್ಕಿಂತ ಜಾಸ್ತಿ ಜನ."

ತರಗತಿ ಕೆರಳಿತು. ಎಲ್ಲರಿಗಿಂತ ಮೊದಲು ಎದ್ದು ನಿಂತವನು ವಕೀಲ. ಕಾನೂನು ಓದಿದವನಲ್ಲ, ನಿಯಮದ ಪುಸ್ತಕ ಬಾಯಿಪಾಠ, ಯಾವ ಮಾತಿಗೂ ಕಲಮು ಉಪಕಲಮು ತೆಗೆಯುವವನು ಎಂದು ಆ ಹೆಸರು. "ಇದು ಅಣಕ ಮೇಡಂ. ದೂರು ಕೊಡೋಣ," ಎಂದ.

ಮೇಡಂ ಅವಸರ ಮಾಡಲಿಲ್ಲ. "ಮೊದಲು ನಮ್ಮದನ್ನೇ ಗೋಡೆ ಮೇಲೆ ಹಾಕಮ್ಮ. ದೊಡ್ಡದಾಗಿ ನೋಡೋಣ."

ಗೋಡೆಯ ಮೇಲೆ ಟೈಲರಕ್ಕನ ಅಂಗಡಿ ಮೂಡಿತು. ಹೊಲಿಗೆ ಯಂತ್ರ, ಹಿಂದೆ ತೂಗುಹಾಕಿದ ಬಟ್ಟೆ, ನಡುವೆ ಅವಳು. ಅವಳ ಕೈ ಆಡುತ್ತಿದ್ದಂತೆ ಗಡಿಬಿಡಿಯ ದನಿ ಕಥೆ ಹೇಳುತ್ತಿತ್ತು. ಎರಡನೆಯ ಸಲಕ್ಕೂ ಕೆಲವರ ಕಣ್ಣು ತೇವವಾಯಿತು.

"ಈಗ ದನಿ ತೆಗಿ," ಎಂದರು ಮೇಡಂ.

ದನಿ ನಿಂತಿತು. ಕಿಟಕಿಗಳ ಬಡಿತವೊಂದೇ ಉಳಿಯಿತು. ಗೋಡೆಯ ಮೇಲೆ ಎರಡು ಕೈಗಳು ಏನೋ ಹೇಳುತ್ತಿದ್ದವು. ಕೇಳುತ್ತಿವೆಯೊ, ಬೈಯುತ್ತಿವೆಯೊ, ಅಳುತ್ತಿವೆಯೊ ತಿಳಿಯುವಂತಿರಲಿಲ್ಲ. ಕೈಗಳ ಮೇಲೆ, ಮುಖವಿರಬೇಕಾದ ಕಡೆ, ಒಂದು ಬೂದಿ ಬಣ್ಣದ ಮಬ್ಬು ಆಚೀಚೆ ಅಲುಗುತ್ತಿತ್ತು.

ಮೇಡಂ ಗೋಡೆಯ ಹತ್ತಿರ ಹೋಗಿ ಆ ಮಬ್ಬಿನ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಮುಖ ಮುಚ್ಚಿದ್ದು ಯಾರಪ್ಪ?"

"ನಾನು ಮೇಡಂ," ಎಂದ ವಕೀಲ. ದನಿಯಲ್ಲಿ ಇನ್ನೂ ಧೈರ್ಯವಿತ್ತು. "ಗುರುತು ಗೋಪ್ಯವಾಗಿಡಬೇಕು ಅಂತ ನಿಯಮ ಇದೆಯಲ್ಲ. ಅವರಿಗೆ ತೋರಿಸಿ ಒಪ್ಪಿಗೆ ತಗೊಂಡ್ವಿ. ಮುಖ ಮಬ್ಬು ಮಾಡಿದ್ದು ಆಮೇಲೆ. ಅವರ ಒಳ್ಳೇದಕ್ಕೇ."

ಹೇಳುತ್ತ ಹೇಳುತ್ತ ಅವನ ಕಣ್ಣು ಮತ್ತೆ ಗೋಡೆಗೆ ಹೋಯಿತು. ಆ ಕೈಗಳಿಗೆ ಮುಖವಿದ್ದಿದ್ದರೆ ಹುಬ್ಬು ಏರುತ್ತಿತ್ತು, ತುಟಿ ಬಿಗಿಯುತ್ತಿತ್ತು, ಕಣ್ಣು ಕೇಳುತ್ತಿತ್ತು. ಅವಳ ಅರ್ಧ ಮಾತು ಇದ್ದದ್ದೇ ಅಲ್ಲಿ. ಗುಟ್ಟು ಕಾಯಲು ಹೋಗಿ ಇವರು ಅವಳ ಬಾಯಿಯನ್ನೇ ಕಟ್ಟಿದ್ದರು. ಕಿವಿ ಕೇಳುವವರಿಗೆಲ್ಲ ಅವಳ ಕಥೆ ತಲುಪಿತ್ತು. ಅವಳ ಜನಕ್ಕೆ ತಲುಪಿದ್ದು ಬೆಡ್‌ಶೀಟು ಹೊದ್ದ ಹೆಂಗಸೊಬ್ಬಳು. ವಕೀಲ ಕೂತ. ದೂರಿನ ಮಾತು ಮತ್ತೆ ಬರಲಿಲ್ಲ.

"ಬೈಯೋದಿಲ್ವಾ ಮೇಡಂ?" ಎಂದು ಗಡಿಬಿಡಿ ಕೇಳಿದಳು.

"ಬೈಯೋ ಹಕ್ಕು ಅವಳದು. ನಡೀರಿ, ಬೈಸ್ಕೊಂಡು ಬರೋಣ."

ಓಣಿಯಲ್ಲಿ ಗಾಳಿಗೆ ಹೆದರಿ ಅಂಗಡಿಗಳೆಲ್ಲ ಅರ್ಧ ಬಾಗಿಲು ಎಳೆದಿದ್ದವು. ಟೈಲರಕ್ಕ ಯಂತ್ರದ ಮುಂದಿದ್ದಳು, ಹೊಟ್ಟೆ ಅಡ್ಡ ಬಂದು ಪಕ್ಕಕ್ಕೆ ತಿರುಗಿ ಕೂತು ತುಳಿಯುತ್ತಿದ್ದಳು. ಬಾಗಿಲಲ್ಲಿ ಅತ್ತೆ ಗುಂಡಿ ಹಚ್ಚುತ್ತಿದ್ದರು. ಅತ್ತೆಗೆ ಕಿವಿಯೂ ಚುರುಕು, ಬಾಯಿಯೂ ಚುರುಕು. ಸೊಸೆಯಿಂದ ಸನ್ನೆ ಕಲಿತು ಈಗ ಮನೆಯ ದುಭಾಷಿ ಅವರೇ.

"ಬನ್ನಿ ಬನ್ನಿ, ಮುಖ ನುಂಗೋರು ಬಂದ್ರು," ಎಂದರು ಅತ್ತೆ. "ಪಾಪ, ನನ್ನ ಸೊಸೆ ನಿಮ್ಮ ವೀಡಿಯೊಗೆ ಅಂತ ಹೊಸ ಅಂಗಿ ಹೊಲಿದುಕೊಂಡು, ಅರ್ಧ ದಿನ ತಲೆ ಬಾಚಿದಳು. ನೋಡಿದ್ರೆ ಕತ್ತಿನ ಮೇಲೆ ಹೊಗೆ."

ಟೈಲರಕ್ಕ ಯಂತ್ರ ನಿಲ್ಲಿಸಿ ಎಲ್ಲರನ್ನೂ ನೋಡಿದಳು. ಆಮೇಲೆ ಅವಳ ಕೈಗಳು ಹೊರಟವು. ಬೇಗ ಬೇಗ, ಉದ್ದಕ್ಕೆ, ನಡುನಡುವೆ ವಕೀಲನ ಕಡೆಗೆ ಬೆರಳು.

"ಏನಂತಾರೆ ಅಜ್ಜಿ?" ಎಂದ ವಕೀಲ.

"ಪರವಾಗಿಲ್ಲ ಅಂತಾಳೆ."

"ಅಷ್ಟು ಹೊತ್ತು ಕೈ ಆಡಿಸಿದ್ದು ಬರೀ ಪರವಾಗಿಲ್ಲ ಅನ್ನೋಕಾ?"

"ಉಳಿದದ್ದು ನಿನ್ನ ಬಗ್ಗೆ ಮಗನೇ. ಊಟದ ಹೊತ್ತಲ್ಲಿ ಯಾಕೆ ಕೇಳ್ತೀಯ."

ಎಲ್ಲರೂ ನಕ್ಕರು. ವಕೀಲ ನಗಲಿಲ್ಲ. ಅವನು ಮುಂದೆ ಹೋಗಿ, ಅವಳೆದುರು ಮಂಡಿಯೂರಿ ಕೂತು, ತಪ್ಪಾಯಿತು ಎನ್ನುವುದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಎದೆಯ ಮೇಲೆ ಕೈ ಇಟ್ಟ. ಟೈಲರಕ್ಕ ಅವನ ಮುಖವನ್ನು ಓದಿದಳು. ನಸುನಕ್ಕು ತನ್ನ ಅಂಗೈಯನ್ನು ಮುಖದ ಮುಂದೆ ಮೋಡದಂತೆ ಹಾಯಿಸಿ ಅವನತ್ತ ಬೆರಳು ತೋರಿಸಿದಳು.

"ಅದು ನಿನ್ನ ಹೆಸರಂತೆ ಇನ್ನು ಮೇಲೆ," ಎಂದರು ಅತ್ತೆ. "ಅವರಲ್ಲಿ ಎಲ್ಲರಿಗೂ ಕೈಯಲ್ಲಿ ಒಂದು ಹೆಸರಿಡ್ತಾರೆ. ಸಾಯೋವರೆಗೂ ಹೋಗಲ್ಲ, ತಿಳ್ಕೋ."

ಗಡಿಬಿಡಿಗೆ ಎರಡು ಬೆರಳು ಓಡುವ ಹೆಸರು ಸಿಕ್ಕಿತು. ಮೇಡಂಗೆ ಎರಡೂ ಕೈಯಿಂದ ಕಿಟಕಿಯ ಕದ ತೆರೆಯುವ ಹೆಸರು.

ಮತ್ತೆ ತೆಗೆಯೋಣ, ಈ ಸಲ ಮುಖ ಕಾಣುವಂತೆ ತೆಗೆಯೋಣ ಎಂದು ವಿದ್ಯಾರ್ಥಿಗಳು ಹೊರಟೇಬಿಟ್ಟಿದ್ದರು. ಮೇಡಂ ತಡೆದರು. ಅತ್ತೆಯ ಮೂಲಕ ಬಿಡಿಸಿ ಬಿಡಿಸಿ ಹೇಳಿದರು: "ಮುಖ ತೋರಿಸಿದ್ರೆ ಊರೆಲ್ಲ ಗುರುತು ಹಿಡಿಯುತ್ತೆ ತಾಯಿ. ಆಸ್ಪತ್ರೆಯವರೂ ನೋಡ್ತಾರೆ, ಮುನಿಸಿಕೊಳ್ಳಬಹುದು. ನಾಳೆ ಹೆರಿಗೆ ಆಗಬೇಕಾದ್ದು ಅವರ ಕೈಯಲ್ಲೇ. ಬೇಡ ಅಂದ್ರೆ ಇಲ್ಲಿಗೇ ಬಿಡ್ತೀವಿ. ಬೇರೆ ದಾರಿ ಹುಡುಕ್ತೀವಿ."

ಈ ಸಲ ಅತ್ತೆ ಏನನ್ನೂ ಬಿಡದೆ ಹೇಳಿದರು. ಟೈಲರಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಹೊಸ ಅಂಗಿ ತೊಟ್ಟಿದ್ದಳು.

ಬೆಡ್‌ಶೀಟು ಹೊದ್ದ ಹುಡುಗನಿಗೆ ಗಡಿಬಿಡಿ ಕಾಮೆಂಟಿನಲ್ಲೇ ಬರೆದಳು: ನೀವು ನಕ್ಕಿದ್ದು ಸರಿ, ನಮಗೆ ಗೊತ್ತಾಗಲಿಲ್ಲ, ಹೇಗೆ ತೆಗೆಯಬೇಕು ಹೇಳಿಕೊಡಿ. ಅವನು ತಿರುಗಿ ಬರೆದ. ಬೆಳಕು ಮುಂದಿನಿಂದ ಬೀಳಬೇಕು, ಹಿಂದೆ ಒಂದೇ ಬಣ್ಣದ ಬಟ್ಟೆ ಕಟ್ಟಬೇಕು, ಕೈ ಚೌಕಟ್ಟಿನಿಂದ ಹೊರಗೆ ಹೋಗಬಾರದು. ಅವನ ಹಿಂದೆ ಇನ್ನೂ ಎಷ್ಟೋ ಜನ ಬಂದರು. ಅಂದಿನವರೆಗೆ ಆ ಕಾಮೆಂಟುಗಳಿಗಿಂತ ಒಳ್ಳೆಯ ಪಠ್ಯಪುಸ್ತಕವನ್ನು ಮೇಡಂ ಕಂಡಿರಲಿಲ್ಲ. ಕಿವುಡ ಮಕ್ಕಳ ಶಾಲೆಯ ಟೀಚರೊಬ್ಬರು, "ನನಗೆ ಸನ್ನೆ ಭಾಷೆ ಚೆನ್ನಾಗಿ ಬರುತ್ತೆ, ಹೆರಿಗೆ ದಿನ ಬೇಕಾದರೆ ನಾನು ಬರುತ್ತೇನೆ," ಎಂದು ಬರೆದಿದ್ದರು.

ಹೊಸ ವೀಡಿಯೊದಲ್ಲಿ ದನಿಯೇ ಇರಲಿಲ್ಲ. ಟೈಲರಕ್ಕ ತಾನೇ ಹೇಳಿದಳು, ಕೆಳಗೆ ಅಕ್ಷರ ಓಡಿತು. ಮಗುವನ್ನು ಎತ್ತಿಕೊಂಡು ಹೋದದ್ದನ್ನು ಹೇಳುವಾಗ ಅವಳ ಕೈಗಳು ಖಾಲಿಯಾಗಿ ನಿಂತವು, ಮುಖವೊಂದೇ ಮಾತಾಡಿತು. ನೋಡಿದವರಿಗೆ ಅಕ್ಷರ ಬೇಕಾಗಲಿಲ್ಲ. ಸಂಜೆಯಾಗುವುದರೊಳಗೆ ವೀಡಿಯೊ ಊರು ದಾಟಿತು, ವಾರ ತುಂಬುವುದರೊಳಗೆ ಎಲ್ಲೆಲ್ಲಿಯೋ ಇರುವ ಕಿವುಡ ತಾಯಂದಿರು ತಮ್ಮ ತಮ್ಮ ಹೆರಿಗೆಯ ಕಥೆಯನ್ನು ಅದರ ಕೆಳಗೆ ತಂದಿಟ್ಟರು, ಎಲ್ಲವೂ ಮುಖ ಕಾಣುವಂತೆ.

ಆಸ್ಪತ್ರೆಯ ದೊಡ್ಡ ಡಾಕ್ಟರಿಂದ ಕರೆ ಬಂತು.

ಅವರ ಕೋಣೆಯಲ್ಲಿ ಔಷಧಿಯ ವಾಸನೆ, ಗೋಡೆಗೆ ಪಾಳಿಯ ಪಟ್ಟಿ. ಡಾಕ್ಟರ ಪಕ್ಕ ಹೆರಿಗೆ ವಾರ್ಡಿನ ಹಿರಿಯ ನರ್ಸು ನಿಂತಿದ್ದರು. ಮೇಡಂ ಜೊತೆ ಗಡಿಬಿಡಿ ಮತ್ತು ವಕೀಲ.

"ಮೇಡಂ, ಆ ವೀಡಿಯೊ ತೆಗೀರಿ," ಎಂದರು ಡಾಕ್ಟರು. "ನಮ್ಮ ಆಸ್ಪತ್ರೆ ಮರ್ಯಾದೆ ಪ್ರಶ್ನೆ."

"ಅದರಲ್ಲಿ ನಿಮ್ಮ ಆಸ್ಪತ್ರೆ ಹೆಸರೇ ಇಲ್ಲವಲ್ಲ ಡಾಕ್ಟ್ರೇ."

"ಹೆಸರಿಲ್ಲದೆ ಇದ್ರೇನು, ನೋಡಿದ್ರೆ ಗೊತ್ತಾಗಲ್ವಾ ನಮ್ಮದೇ ಅಂತ."

"ನಿಮಗೆ ಹಾಗನ್ನಿಸ್ತಾ? ಬೇರೆ ಆಸ್ಪತ್ರೆಗಳಿಂದಲೂ ಫೋನ್ ಬಂತು. ಎಲ್ಲರೂ, 'ಇದು ನಮ್ಮ ಬಗ್ಗೆ ತಾನೇ, ತೆಗೀರಿ' ಅಂದ್ರು."

ಡಾಕ್ಟರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವರಿಗೇ ತಿಳಿಯದಂತೆ ನಗು ಬಂತು.

"ಸಾರ್, ಒಂದು ಮಾತು," ಎಂದರು ಹಿರಿಯ ನರ್ಸು. "ಆವತ್ತು ಡ್ಯೂಟೀಲಿ ಇದ್ದದ್ದು ನಾನೇ. ಮಗು ಚೆನ್ನಾಗಿದೆ ಅಂತ ನಾನು ಹೇಳಿದ್ದೆ. ಅವಳಿಗೆ ಕೇಳಿಸಲ್ಲ ಅಂತ ಕಿರುಚಿ ಕಿರುಚಿ ಹೇಳಿದ್ದೆ. ಅವಳು ಮುಖ ಮುಚ್ಕೊಂಡು ಅಳೋಕೆ ಶುರು ಮಾಡಿದಳು. ಯಾಕೆ ಅಂತ ಇಷ್ಟು ದಿನ ತಿಳೀಲಿಲ್ಲ. ಮೊನ್ನೆ ವೀಡಿಯೊ ನೋಡಿ, ಕನ್ನಡಿ ಮುಂದೆ ನಿಂತು, ಹಾಗೇ ಕಿರುಚಿ ನೋಡ್ಕೊಂಡೆ. ನನ್ನ ಮುಖ ನೋಡಿದ್ರೆ ಯಾರಾದ್ರೂ ಸತ್ತೋಗಿದ್ದಾರೆ ಅಂತಲೇ ಅನ್ನಿಸುತ್ತೆ ಸಾರ್."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗಿನವರನ್ನು ಹೆರಿಗೆ ಕೋಣೆಗೆ ಬಿಟ್ಟರೆ ಸೋಂಕು ತಗಲಬಹುದು, ಇಂದು ಒಬ್ಬರನ್ನು ಬಿಟ್ಟರೆ ನಾಳೆ ಹತ್ತು ಜನ ಕೇಳುತ್ತಾರೆ, ತಮ್ಮ ಭಯ ಅದು ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆಗ ವಕೀಲ ಬಾಯಿ ತೆರೆದ. ನಿಯಮದ ಮೇಲೆ ಅವನಿಗಿದ್ದ ಪ್ರೀತಿ ಆವತ್ತು ಸಾರ್ಥಕವಾಯಿತು.

"ಹಾಗಾದ್ರೆ ನಿಯಮಾನೇ ಮಾಡೋಣ ಸಾರ್. ಬರೋರು ಒಬ್ಬರೇ, ಸನ್ನೆ ಭಾಷೆ ಬಲ್ಲೋರು, ಮೊದಲೇ ಆರೋಗ್ಯ ತಪಾಸಣೆ ಆಗಿರಬೇಕು, ನಿಮ್ಮ ಬಟ್ಟೆ ಹಾಕ್ಕೊಂಡು, ನಿಮ್ಮ ನರ್ಸಮ್ಮ ಹೇಳಿದ ಕಡೆ ನಿಂತ್ಕೊಬೇಕು. ಟೀಚರ್ ಇದ್ದಾರೆ, ಎಲ್ಲಕ್ಕೂ ಒಪ್ಪಿದ್ದಾರೆ."

"ಆ ಟೀಚರ್ ಬರೋದು ತಡ ಆದ್ರೆ?" ಎಂದರು ನರ್ಸು. "ನಮಗೂ ಒಂದಷ್ಟು ಮಾತು ಕಲಿಸಿಕೊಡ್ರಪ್ಪ. ಹೆರಿಗೆಗೆ ಬೇಕಾಗೋದು ಎಷ್ಟು ಮಾತು? ನೋವು, ಉಸಿರು, ತಡಿ, ಮುಕ್ಕು, ಮಗು. ಮುಗೀತು."

ಡಾಕ್ಟರು ಗೋಡೆಯ ಪಟ್ಟಿಯನ್ನು ನೋಡಿ, "ಈ ಒಂದು ಹೆರಿಗೆಗೆ. ನೋಡೋಣ," ಎಂದರು.

ಅಲ್ಲಿಂದ ಮುಂದೆ ಪೇಜಿನ ಪಾಠ ಬೇರೆಯೇ ಆಯಿತು. ದಿನಕ್ಕೊಂದು ಚಿಕ್ಕ ವೀಡಿಯೊ, ಕಲಿಸುವವಳು ಟೈಲರಕ್ಕ. ವಿದ್ಯಾರ್ಥಿಗಳು ಕಲಿತರು, ವಾರ್ಡಿನ ನರ್ಸುಗಳು ಟೀ ಕುಡಿಯುವ ಹೊತ್ತಿಗೆ ಗುಂಪಾಗಿ ನಿಂತು ಕಲಿತರು. ವಾರ್ಡಿನ ಕಾವಲುಗಾರ ಕಲಿತು, ಬಂದವರಿಗೆಲ್ಲ ತೋರಿಸಿದ. ಒಮ್ಮೆ ಹಿರಿಯ ನರ್ಸು ತಮ್ಮ ವೀಡಿಯೊ ಕಳಿಸಿ ಸರಿಯೇ ಎಂದು ಕೇಳಿದರೆ, ಟೈಲರಕ್ಕನಿಂದ ಬಂದ ಉತ್ತರವನ್ನು ಅತ್ತೆ ದನಿಯಲ್ಲಿ ಹೇಳಿ ಕಳಿಸಿದರು: "ಕೈ ಸರಿ ಇದೆಯಂತೆ. ಮುಖ ಮಾತ್ರ ಇನ್ನೂ ಬೈಯೋ ಹಾಗಿದೆಯಂತೆ. ಸ್ವಲ್ಪ ನಗಬೇಕಂತೆ ನರ್ಸಮ್ಮ, ಹಲ್ಲಿಗೇನೂ ಖರ್ಚಿಲ್ಲ."

ನೋವು ಬಂದದ್ದು ಒಂದು ನಡುಹಗಲು, ಯಂತ್ರದ ಮುಂದೆ. ಟೀಚರು ಶಾಲೆಯಿಂದ ನೇರ ಆಸ್ಪತ್ರೆಗೆ ಬಂದರು. ಹಸಿರು ಬಟ್ಟೆ ತೊಟ್ಟು, ಕೈ ತೊಳೆದು ಒಳಗೆ ಹೋದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಅತ್ತೆ, ಬಡಗಿ ಕೆಲಸದಿಂದ ಹಾಗೇ ಓಡಿಬಂದ ಅವರ ಮಗ, ಎಂದರೆ ಟೈಲರಕ್ಕನ ಗಂಡ, ಅವನ ತೊಡೆಯ ಮೇಲೆ ಮೊದಲ ಮಗು, ಕಿಟಕಿ ಮೇಡಂ, ತರಗತಿಯ ಅರ್ಧದಷ್ಟು ಜನ. ಜೀವಮಾನದಲ್ಲಿ ಮೊದಲ ಸಲ ಅತ್ತೆ ಸುಮ್ಮನಿದ್ದರು. ಮೇಡಂ ಕಣ್ಣು ಮುಚ್ಚಿದರು. ಬೇಡಿಕೊಳ್ಳಲು ಮಾತು ಹುಡುಕಿದರು, ಸಿಗಲಿಲ್ಲ. ಮಾತಿಲ್ಲದೆಯೂ ಕೇಳಿಸಿಕೊಳ್ಳುವವನ ಮುಂದೆ ಕೂತಿದ್ದೇನೆ ಎಂದು ಹೊಳೆದು ಅವರಿಗೆ ಸಮಾಧಾನವಾಯಿತು.

ಒಳಗಿನಿಂದ ಮಗುವಿನ ಅಳು ಕೇಳಿತು. ಮಗನ ಭುಜವನ್ನು ಅತ್ತೆ ಹಿಡಿದು ಅಲುಗಿಸಿದರು. ಆಮೇಲೆ ಬಾಗಿಲು ತೆರೆಯಿತು, ಹಿರಿಯ ನರ್ಸು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎದೆಗವಚಿಕೊಂಡು ಬಿರಬಿರನೆ ಪಕ್ಕದ ಕೋಣೆಗೆ ನಡೆದರು.

ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು. ಮತ್ತೆ ಅದೇ. ಮೇಡಂ ಕೈಯನ್ನು ಗಡಿಬಿಡಿ ಹಿಡಿದಳು. ಅಷ್ಟರಲ್ಲಿ ಟೀಚರು ಹೊರಗೆ ಬಂದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಹೆಣ್ಣುಮಗು. ಇದಕ್ಕೂ ಸ್ವಲ್ಪ ಶಾಖ ಬೇಕಂತೆ, ಗಾಬರಿ ಬೇಡ."

"ಅವಳಿಗೆ ಹೇಳಿದ್ರಾ? ಸೊಸೆಗೆ?" ಎಂದರು ಅತ್ತೆ.

"ನಾನು ಹೇಳೋಕೆ ಕೈ ಎತ್ತಿದೆ. ನರ್ಸಮ್ಮ ಬಿಡಲಿಲ್ಲ. ಮಗುವನ್ನ ಇನ್ನೊಬ್ಬರ ಕೈಗೆ ಕೊಟ್ಟು, ಅವಳ ಮುಖದ ಮುಂದೆ ಬಂದು ನಿಂತು, ತಾವೇ ಹೇಳಿದ್ರು. ಮಗು ಚೆನ್ನಾಗಿದೆ. ಬಿಸಿ ಮಾಡಿ ತರ್ತೀನಿ. ನಾನೇ ತರ್ತೀನಿ."

"ಅರ್ಥ ಆಯ್ತಾ ಅವಳಿಗೆ?"

"ಆಯ್ತು. ತಿರುಗಿ ಏನೋ ಹೇಳಿ ನಕ್ಕಳು. ನರ್ಸಮ್ಮಂಗೆ ಅದು ತಿಳೀಲಿಲ್ಲ."

"ಏನಂದಳು?"

"ಈಗ ಮುಖ ಸರಿಯಾಗಿದೆ ಅಂದಳು."

ಅತ್ತೆ ಬೆಂಚಿನ ಮೇಲೆ ಕುಸಿದು ಕೂತು ನಕ್ಕರು, ಅತ್ತರು, ಎರಡನ್ನೂ ಒಟ್ಟಿಗೆ ಮಾಡಿದರು. ಬಡಗಿ ಎರಡೂ ಕೈಯನ್ನು ತಲೆಯ ಮೇಲೆತ್ತಿ ಬೆರಳುಗಳನ್ನು ಗಾಳಿಯಲ್ಲಿ ಅಲುಗಿಸಿದ. ಅದು ಕಿವುಡರ ಚಪ್ಪಾಳೆ. ವಿದ್ಯಾರ್ಥಿಗಳೂ ಕೈ ಎತ್ತಿದರು, ಕಾವಲುಗಾರನೂ ಎತ್ತಿದ. ಆಸ್ಪತ್ರೆಯ ಉದ್ದನೆಯ ಆ ಪಡಸಾಲೆಯಲ್ಲಿ ಸದ್ದೇ ಇಲ್ಲದೆ ಅಷ್ಟೊಂದು ಕೈಗಳು ಹೊಳೆದವು. ದೊಡ್ಡ ಡಾಕ್ಟರು ಅಲ್ಲಿಗೆ ಬಂದು, ನಿಂತು ನೋಡಿ, ತಾವೂ ಒಂದು ಕೈ ಎತ್ತಿ ಹೋದರು. ಮರುದಿನ ಹೆರಿಗೆ ಕೋಣೆಯ ಹೊರಗೆ ಹೊಸ ಫಲಕ ಬಂತು. ವಕೀಲ ಹೇಳಿದ ನಿಯಮವೇ, ಅವನದೇ ವಾಕ್ಯದಲ್ಲಿ, ಈ ಸಲ ಎಲ್ಲರಿಗೂ ಅನ್ವಯಿಸುವಂತೆ.

ಸುದ್ದಿ ಹಬ್ಬಿತು. ಬೇರೆ ಕಾಲೇಜುಗಳವರು ಕಿಟಕಿ ಮೇಡಂ ಅವರನ್ನು ಭಾಷಣಕ್ಕೆ ಕರೆದರು. ಪೇಜಿಗೆ ಕಾಲೇಜಿನ ಲಾಂಛನ ಹಾಕೋಣ, ಹೊಸ ಬೋಧನಾ ವಿಧಾನ ಎಂದು ಪ್ರಕಟಿಸೋಣ ಎಂದು ಪ್ರಿನ್ಸಿಪಾಲರು ಹೇಳಿದರು. ಮೇಡಂ ಅದನ್ನು ತರಗತಿಯ ಮುಂದೆ ಇಟ್ಟರು.

"ಮೇಡಂ, ಈ ಪೇಜಲ್ಲಿ ನಮ್ಮದು ಏನಿದೆ?" ಎಂದು ಕೇಳಿದವನು ವಕೀಲ. "ಮಾತು ಅವರದು. ಕಲಿಸಿದ್ದು ಅವರು. ನಾವು ಮಾಡಿದ್ದು ಒಂದೇ ಒಂದು, ಮುಖ ಮಬ್ಬು ಮಾಡಿದ್ದು. ಅದನ್ನೂ ಅಳಿಸಿದ್ದಾಯ್ತು."

"ಇದು ಅವರಿಗೇ ಇರಲಿ, ನಾವು ಹೊಸ ಪೇಜು ಶುರು ಮಾಡ್ಕೊಳ್ಳೋಣ," ಎಂದಳು ಗಡಿಬಿಡಿ. "ಬೇರೆಯವರ ಹತ್ತಿರ ಕಲಿಯೋದು ಇನ್ನೂ ಬೇಕಾದಷ್ಟಿದೆ."

ಆ ಸಂಜೆ ಮೇಡಂ ಒಬ್ಬರೇ ಓಣಿಗೆ ಹೋದರು. ಯಾವ ಗುಂಡಿ ಒತ್ತಬೇಕು, ಅದಾದ ಮೇಲೆ ಯಾವುದು ಎಂದು ಗಡಿಬಿಡಿಯ ಹತ್ತಿರ ಹೇಳಿಸಿಕೊಂಡು, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತ ನಡೆದರು. ಅಂಗಡಿಯಲ್ಲಿ ಯಂತ್ರ ನಿಂತಿತ್ತು. ಟೈಲರಕ್ಕ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಮೇಡಂ ಅವಳ ಪಕ್ಕದ ಸ್ಟೂಲಿನ ಮೇಲೆ ಕೂತು, ಫೋನು ತೆಗೆದು, ಒಂದೇ ಬೆರಳಿನಲ್ಲಿ, ಅವಸರವಿಲ್ಲದೆ ಒತ್ತಿದರು. ಪೇಜಿನ ಅಡ್ಮಿನ್ ಎಂಬಲ್ಲಿ ಟೈಲರಕ್ಕನ ಹೆಸರು ಬಂತು. ಆಮೇಲೆ ತಮ್ಮ ಹೆಸರನ್ನು ತಾವೇ ತೆಗೆದರು.

ಟೈಲರಕ್ಕ ಹುಬ್ಬೇರಿಸಿ ನೋಡಿದಳು. ಮೇಡಂ, ಮಗುವನ್ನು ಹಿಡಿಯದೆ ಬಿಡುವಾಗಿದ್ದ ಅವಳ ಕೈಯನ್ನು ತೆಗೆದುಕೊಂಡು, ಅಂಗೈ ಬಿಡಿಸಿ, ಪೇಜು ತೆರೆದಿದ್ದ ಅವಳದೇ ಫೋನನ್ನು ಅದರಲ್ಲಿಟ್ಟು, ಅವಳದನ್ನು ಅವಳಿಗೆ ಕೊಟ್ಟರು.